ಅರ್ಧ ದಿನದ ಫೋಟೋಗ್ರಾಫರ್

ಮೈಸೂರಿನ ಫೋಟೋಗ್ರಾಫರ್ ಅರ್ಧ ದಿನಕ್ಕೆ ಹೇಳಿದ ರೇಟು ಕೇಳಿ ನಮ್ಮತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ದುಡ್ಡಿಗೆ ಒಂದು ಎಮ್ಮೆಕರು ಬರುತ್ತಿತ್ತು ಅನ್ನುವುದು ಅವರ ಲೆಕ್ಕ. ಕರು ಬೆಳೆದು ಹಾಲು ಕೊಡುವ ಹೊತ್ತಿಗೆ ನನ್ನ ರೂಮುಗಳಲ್ಲಿ ಶುಂಠಿ ಮೂಟೆ ಇರುತ್ತೆ ಎಂದು ರೇಗಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಬೀಚನಹಳ್ಳಿಯ ಹತ್ತಿರ ನಮ್ಮ ಹೊಲದಂಚಿನಲ್ಲಿ ಎರಡು ರೂಮು ಕಟ್ಟಿಸಿ, ಹೋಂಸ್ಟೇ ಎಂದು ಬೋರ್ಡು ಹಾಕಿಸಿದ್ದು ನನ್ನ ಹಟಕ್ಕೆ. ಎಷ್ಟೋ ವರ್ಷ ರೆಸಾರ್ಟಿನಲ್ಲಿ ಬೇರೆಯವರ ಹಾಸಿಗೆ ಸರಿಮಾಡಿದ ಕೈ ಇದು. ಇನ್ನು ನನ್ನದೇ ಹಾಸಿಗೆ ಸರಿಮಾಡುತ್ತೇನೆ ಎಂದು ಕೆಲಸ ಬಿಟ್ಟಿದ್ದೆ. ಆದರೆ ಮೊಬೈಲಿನಲ್ಲಿ ನಾನೇ ತೆಗೆದು ನೆಟ್ಟಿಗೆ ಹಾಕಿದ ಫೋಟೋಗಳಲ್ಲಿ ರೂಮು ಆಸ್ಪತ್ರೆಯ ವಾರ್ಡಿನ ಹಾಗೆ ಕಾಣುತ್ತಿತ್ತು. ಒಬ್ಬರೂ ಬರಲಿಲ್ಲ. ನಮ್ಮ ಕಡೆ ಗದ್ದೆ ಗುತ್ತಿಗೆ ಹಿಡಿದು ಶುಂಠಿ ಬೆಳೆಯುವ ಕೇರಳದ ಒಬ್ಬ ಸಾಹುಕಾರ ಮೂಟೆ ಇಡಲು ಎರಡೂ ರೂಮು ಕೇಳಿದ. ದೀಪಾವಳಿಯವರೆಗೆ ನೋಡೋಣ, ಆಮೇಲೆ ಅವನಿಗೇ ಕೊಟ್ಟುಬಿಡೋಣ ಎಂದರು ನನ್ನ ಯಜಮಾನರು. ಅವರದೂ ತಪ್ಪಲ್ಲ, ಕಟ್ಟಿದ ಗೋಡೆ ಸುಮ್ಮನೆ ನಿಂತಿತ್ತು.

ಡೈರಿಗೆ ಹಾಲು ಹಾಕಿ ಉಳಿಸಿದ್ದ ದುಡ್ಡಿನಿಂದ ಅಡ್ವಾನ್ಸ್ ಕಳಿಸಿದೆ. ಫೋಟೋಗ್ರಾಫರ್ ಒಂದು ಮಾತು ಮೊದಲೇ ಹೇಳಿದ್ದ: ಅರ್ಧ ದಿನ ದಾಟಿದರೆ ಇಡೀ ದಿನದ ಚಾರ್ಜು.

ಬೆಳಿಗ್ಗೆ ಬಂದವನು ಮೊದಲು ಕ್ಯಾಮೆರಾ ಹೊರಗೇ ತೆಗೆಯಲಿಲ್ಲ. ಹುಲಿ ಚಿತ್ರದ ಬೆಡ್‌ಶೀಟು ತೆಗೆಸಿದ, ಪ್ಲಾಸ್ಟಿಕ್ ಹೂವು ಎತ್ತಿಸಿದ, ಮಂಚವನ್ನು ಕಿಟಕಿಯ ಕಡೆ ಎಳೆಸಿದ. ಮಂಚ ಎಳೆಯೋಕೆ ಇಷ್ಟು ದುಡ್ಡಾ ಎಂದು ಅತ್ತೆ ನನ್ನ ಕಿವಿಯಲ್ಲಿ ಗೊಣಗಿದರು. ರೂಮಿನ ಒಂದಷ್ಟು ಫೋಟೋ ಆಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಇನ್ನೊಂದು ಸ್ವಲ್ಪ ಹೊತ್ತಿನಲ್ಲಿ ಮುಗಿಯುತ್ತಿತ್ತು. ಅಷ್ಟರಲ್ಲಿ ಒಲೆಯ ಮೇಲೆ ನಾಟಿ ಕೋಳಿ ಸಾರು ಕುದಿಯುವ ವಾಸನೆ ಬಂತು.

ಅವನು ಬೇಡ ಎಂದ, ಮತ್ತೂ ಬೇಡ ಎಂದ. ನಮ್ಮ ಕಡೆ ಅದನ್ನು ಸಂಕೋಚ ಎಂದೇ ತಿಳಿಯುವುದು. ಮನೆಗೆ ಬಂದು ಕೆಲಸ ಮಾಡಿದವರನ್ನು ಉಣ್ಣಿಸದೆ ಕಳಿಸಿದ ಹೆಂಗಸಲ್ಲ ನಮ್ಮತ್ತೆ. ಒಂದು ಮುದ್ದೆ ಮುಗಿಯುವ ಮೊದಲೇ ಇನ್ನೊಂದು ತಟ್ಟೆಗೆ ಬಿತ್ತು. ಕೈ ತೊಳೆದವನು ಜಗುಲಿಯ ಮೇಲೆ ಸುಮ್ಮನೆ ಒರಗಿದ, ಹಾಗೇ ಗೊರಕೆ ಹೊಡೆಯತೊಡಗಿದ.

ಅರ್ಧ ದಿನ ದಾಟುತ್ತಿತ್ತು. ಎಬ್ಬಿಸಲು ಹೋದೆ.

"ಉಂಡು ಮಲಗಿರೋರ್ನ ಎಬ್ಬುಸ್ಬಾರ್ದು, ಬುಡು," ಎಂದು ಅತ್ತೆ ನನ್ನ ಕೈ ಹಿಡಿದರು.

ಎಮ್ಮೆಕರುವಿನ ಲೆಕ್ಕ ಹಾಕಿದವರು ಇವರೇ! ನಾನು ಅಂಗಳದಲ್ಲಿ ಶತಪಥ ಹಾಕಿದೆ.

ಅವನು ಎದ್ದಾಗ ಬಿಸಿಲು ಪಡುವಣಕ್ಕೆ ಇಳಿದು ಕಿಟಕಿಯಿಂದ ಮಂಚದ ಮೇಲೆ ಬಿದ್ದಿತ್ತು. ಎದ್ದವನೇ ಮುಖವನ್ನೂ ತೊಳೆಯದೆ ಓಡಿದ. ರೂಮು, ಜಗುಲಿ, ಹೊಲ ಎಲ್ಲ ತೆಗೆದ. ಕೊನೆಗೆ ಅಡುಗೆಮನೆಗೆ ನುಗ್ಗಿದ. ಅತ್ತೆ ಸಂಜೆಗೆ ಮುದ್ದೆ ತಿರುವುತ್ತಿದ್ದರು. ಅವರು ತಲೆ ಎತ್ತಿ ಬೈಯುವಷ್ಟರಲ್ಲಿ ಫೋಟೋ ಆಗಿತ್ತು. ಇಡೀ ದಿನದ ದುಡ್ಡು ಎಣಿಸಿ ಅವನ ಮುಂದೆ ಹಿಡಿದೆ.

"ಅರ್ಧ ದಿನದ್ದೇ ಕೊಡಿ ಮೇಡಂ, ನಿದ್ದೆಗೆ ನಾನು ಚಾರ್ಜ್ ಮಾಡಲ್ಲ," ಎಂದ.

ಫೋಟೋ ಹಾಕಿದ ವಾರದಲ್ಲೇ ಫೋನು ಬರತೊಡಗಿತು. ರೂಮು ಹೇಗಿದೆ ಎಂದು ಕೇಳಿದವರು ಕಡಿಮೆ. ಮುದ್ದೆ ತಿರುವುವ ಆ ಅಜ್ಜಿಯೇ ಅಡುಗೆ ಮಾಡುತ್ತಾರಾ ಎನ್ನುವುದೇ ಎಲ್ಲರ ಪ್ರಶ್ನೆ. ಅತ್ತೆ ಬೈಯಲು ತೆರೆದ ಬಾಯಿ ಫೋಟೋದಲ್ಲಿ ನಗುವ ಹಾಗೆ ಕಾಣುತ್ತಿತ್ತು. ದೀಪಾವಳಿಗೆ ಎರಡೂ ರೂಮು ಬುಕ್ಕಾದವು. ಅವತ್ತು ನಾನು ಗೆದ್ದೆ ಎಂದು ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ಗಟ್ಟಿಯಾಗಿಯೇ ಹೇಳಿಕೊಂಡೆ.

ಹಬ್ಬದ ದಿನವೇ ಶುಂಠಿ ಸಾಹುಕಾರ ಅಡ್ವಾನ್ಸ್ ಹಿಡಿದು ಬಂದ. ನನ್ನ ಯಜಮಾನರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು.

"ರೂಮು ಖಾಲಿ ಇಲ್ಲ ಕಣ್ರೀ. ಮೂಟೆಗೆ ಬ್ಯಾರೆ ಕಡೆ ನೋಡ್ಕಳಿ," ಎಂದರು. ಅವನು ತಿರುಗಿ ಹೊರಟ.

"ಅಂಗೇ ಓಗ್ಬೇಡಿ, ಉಂಡ್ಕಂಡು ಓಗಿ."

ಅವನು ಬೇಡ ಎಂದ. ನಾನು ಆಗಲೇ ತಟ್ಟೆ ಇಟ್ಟಿದ್ದೆ.