ಕಸ್ಟರ್ಡ್ ಅಂಗಡಿಯಲ್ಲಿ ಹೆಣ್ಣು ನೋಡಿದ್ದು

ಐಸು ಎಂದರೆ ಸೈಕಲ್ಲಿನ ಪೆಟ್ಟಿಗೆಯಿಂದ ಬರುವ ಕೆಂಪು ಕಡ್ಡಿ ಐಸು, ಅದು ಬಿಟ್ಟರೆ ಬೇರಿಲ್ಲ ಎಂದು ಮಂಡ್ಯದ ಮಕ್ಕಳೆಲ್ಲ ನಂಬಿಕೊಂಡಿದ್ದ ಕಾಲ. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನಮ್ಮ ಬೀದಿಯ ತುದಿಗೆ ಭಟ್ಟರೊಬ್ಬರು ಫ್ರಿಜ್ಜು ಇಟ್ಟುಕೊಂಡು ಅಂಗಡಿ ತೆರೆದರು. ಅಲ್ಲಿ ಸಿಗುತ್ತಿದ್ದದ್ದು ಗಡ್ಡೆಕಟ್ಟಿದ ಹಳದಿ ಕಸ್ಟರ್ಡ್. ಕಾಲುಳ್ಳ ಗಾಜಿನ ಬಟ್ಟಲಿಗೆ ಅದನ್ನು ಹಾಕಿ, ಮೇಲೆ ಬಾಳೆಹಣ್ಣು, ಸಪೋಟ, ದ್ರಾಕ್ಷಿ, ಕೆಂಪು ಹಸಿರು ಟೂಟಿಫ್ರೂಟಿ ಉದುರಿಸಿ, ಕೊನೆಗೊಂದು ಚಮಚ ಗುಲ್ಕನ್ ಇಡುತ್ತಿದ್ದರು. ಕರೆಂಟು ಹೋದ ದಿನ ಎಲ್ಲವೂ ಪಾಯಸದಂತೆ ತೆಳ್ಳಗಾಗುತ್ತಿತ್ತು. ಕಬ್ಬು ಅರೆಯುವ ಕಾಲದಲ್ಲಿ ಕಾಕಂಬಿಯ ನಾತ ಕುಡಿದೇ ಬೆಳೆದ ನಮಗೆ ಅಂಗಡಿಯಿಂದ ಬರುತ್ತಿದ್ದ ವೆನಿಲಾ ಘಮ ಬೇರೆ ಲೋಕದ್ದು ಅನ್ನಿಸುತ್ತಿತ್ತು.

ಅಪ್ಪನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಅಪ್ಪನ ಹುಟ್ಟೂರು ದುದ್ದದಲ್ಲಿದ್ದ ಅವನ ತಂಗಿಯರಿಬ್ಬರೂ ಓದಲೆಂದು ನಮ್ಮ ಮನೆಗೆ ಬಂದವರು ಅಲ್ಲೇ ಉಳಿದಿದ್ದರು. ದೊಡ್ಡವಳು ಜಯತ್ತೆ, ಹೊಲಿಗೆ ಕಲಿಯುತ್ತಿದ್ದಳು. ಚಿಕ್ಕವಳು ಸುಶೀಲತ್ತೆ, ಹೈಸ್ಕೂಲು ಮುಗಿಸಿದ್ದಳಷ್ಟೆ. ಇಬ್ಬರಿಗೂ ಒಂದೇ ಚಾಪೆ, ನಡುವೆ ನಾನು. ದೀಪ ಆರಿಸಿದ ಮೇಲೂ ಅವರ ಕಿಸಿಕಿಸಿ ನಗು ನಿಲ್ಲುತ್ತಿರಲಿಲ್ಲ. ಅವ್ವ ಗದರಿದರೆ ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದರು.

ಆ ಬೇಸಿಗೆಯಲ್ಲೇ ಜಯತ್ತೆಗೆ ಸಂಬಂಧ ಬಂತು. ಹುಡುಗ ಮಳವಳ್ಳಿಯಲ್ಲಿ ಓವರ್ಸಿಯರ್. ಮನೆಗೆ ಬಂದು ಉಪ್ಪಿಟ್ಟು ಕೇಸರಿಬಾತು ತಿಂದು ಹೆಣ್ಣು ನೋಡುವುದೆಲ್ಲ ತನಗೆ ಹಿಡಿಸದು, ಹೊರಗೆಲ್ಲಾದರೂ ನೋಡುತ್ತೇನೆ ಎಂದು ಹೇಳಿ ಕಳಿಸಿದ್ದ. ಅಪ್ಪ ಭಟ್ಟರ ಅಂಗಡಿಯನ್ನೇ ಗೊತ್ತುಮಾಡಿದ.

ಊರಿಂದ ಬಂದಿದ್ದ ಅಜ್ಜಿ ಹೊರಡುವ ಮುಂಚೆಯೇ ಹೇಳಿದಳು. "ದೊಡ್ಡೋಳ್ನ ನೋಡಕ್ಕೆ ಬರೋವಾಗ ಚಿಕ್ಕೋಳು ಕಣ್ಗೆ ಬೀಳ್ಬಾರ್ದು. ಸುಸೀಲ ಮನೇಲಿರ್ಲಿ."

ಸುಶೀಲತ್ತೆಯ ಮುಖ ಬಾಡಿತು. ಕಸ್ಟರ್ಡ್ ತಿನ್ನಬೇಕೆಂದು ಅವಳೂ ನಾನೂ ಎಷ್ಟು ದಿನದಿಂದ ಆಸೆಪಟ್ಟಿದ್ದೆವು! ಅವಳ ಮುಖ ನೋಡಿದ ಜಯತ್ತೆಯೇ ಅಂದಳು: "ಬುಡವ್ವ, ಪಾಪ, ಅವ್ಳೂ ಬರ್ಲಿ. ಒಂದ್ಕಿತನೂ ತಿಂದಿಲ್ಲ ಅದ್ನ. ಅವ್ಳು ಪಕ್ಕದಲ್ಲಿದ್ರೆ ನಂಗೂ ಧೈರ್ಯ."

ಅವಳೇ ತಂಗಿಯ ತಲೆ ಬಾಚಿದಳು. ತನಗೆಂದು ತಂದಿದ್ದ ಮಲ್ಲಿಗೆಯಲ್ಲಿ ಅರ್ಧ ಕಿತ್ತು ಮುಡಿಸಿದಳು.

ಅಂಗಡಿಯಲ್ಲಿ ಹುಡುಗನೂ ಅವನ ತಾಯಿಯೂ ಎದುರಿಗೆ ಕೂತರು. ಜಯತ್ತೆ ತಲೆ ಎತ್ತಲಿಲ್ಲ, ಚಮಚ ಮುಟ್ಟಲಿಲ್ಲ. "ಅಡ್ಗೆ ಬತ್ತದೇನವ್ವ?" ಎಂದು ಆ ತಾಯಿ ಕೇಳಿದರೆ "ಬತ್ತದೆ" ಅಂದಳು. "ಒಲಿಗೆ?" "ಅದೂ ಬತ್ತದೆ." ಅವಳ ಬಟ್ಟಲಿನ ಹಳದಿ ಕರಗಿ, ದ್ರಾಕ್ಷಿಗಳು ಒಂದೊಂದಾಗಿ ಮುಳುಗುತ್ತಿದ್ದವು. ಅದೇನೆಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮೊದಲ ತುತ್ತಿಗೆ ಹಲ್ಲು ಜುಮ್ಮೆಂದಿತ್ತು, ಆಮೇಲೆ ಗುಲ್ಕನ್ನಿನ ಗುಲಾಬಿ ನಾಲಿಗೆ ತುಂಬಾ ಹರಡಿತ್ತು. ನಾನು ದ್ರಾಕ್ಷಿಯನ್ನು ನಾಲಿಗೆಯ ತುದಿಯಲ್ಲಿಟ್ಟು ತೋರಿಸಿದೆ. ಸುಶೀಲತ್ತೆ ತಡೆಯಲಾರದೆ ನಕ್ಕುಬಿಟ್ಟಳು.

"ಇವ್ರಿಗೆ ಇನ್ನೊಂದು ಕೊಡಿ" ಅಂದ ಹುಡುಗ, ಅವಳ ಬಟ್ಟಲು ತೋರಿಸಿ, ಭಟ್ಟರಿಗೆ. ಅವನು ಅಲ್ಲಿ ಆಡಿದ್ದು ಅದೊಂದೇ ಮಾತು. ಎಂಥ ಧಾರಾಳಿ ಎಂದು ಅಪ್ಪ ದಾರಿಯುದ್ದಕ್ಕೂ ಹೊಗಳಿದ.

ವಾರ ಕಳೆಯುವುದರೊಳಗೆ ಮಧ್ಯಸ್ಥಗಾರ ಬಂದು ಜಗಲಿಯ ಮೇಲೆ ಕೂತ. "ಸಂಬಂಧ ಒಪ್ಪವ್ರೆ. ಆದ್ರೆ ಚಿಕ್ಕೋಳ್ನ ಕೊಡಿ ಅಂತವ್ರೆ. ದೊಡ್ಡೋಳು ಬಣ್ಣ ಕಮ್ಮಿ ಅಂದ್ನಂತೆ."

ಜಯತ್ತೆ ಒಳಗೆ ಅಕ್ಕಿ ಕೇರುತ್ತಿದ್ದಳು. ಮೊರದ ಸದ್ದು ನಿಲ್ಲಲಿಲ್ಲ. ಅಜ್ಜಿ ಅತ್ತಳು. ಅವ್ವ ಅಪ್ಪನನ್ನು ಕೇಳಿದಳು: "ಜಯಂಗೆ ಏನಂತ ಏಳ್ತೀರಿ?"

"ಏಳೋದೇನು? ಸರ್ಕಾರಿ ಕೆಲ್ಸದ ಗಂಡು. ಬುಟ್ರೆ ಮತ್ತೆ ಸಿಕ್ತದಾ? ಒಬ್ಬಳಾದ್ರೂ ದಡ ಸೇರ್ಲಿ" ಅಂದ ಅಪ್ಪ. ಅಕ್ಕನನ್ನಾಗಲಿ ತಂಗಿಯನ್ನಾಗಲಿ ಯಾರೂ ಒಂದು ಮಾತು ಕೇಳಲಿಲ್ಲ.

ಅಂದಿನಿಂದ ಚಾಪೆ ಎರಡಾದವು. ತಂಗಿಯ ಧಾರೆ ರವಿಕೆಯನ್ನು ಜಯತ್ತೆಯೇ ಹೊಲಿದುಕೊಟ್ಟಳು. ಅಳತೆ ತೆಗೆಯುವಾಗಲೂ ಇಬ್ಬರೂ ಮಾತಾಡಲಿಲ್ಲ. ಮದುವೆ ಮುಗಿದ ಮೇಲೆ ಅವಳು ದುದ್ದಕ್ಕೆ ಹೊರಟುಹೋದಳು. ಆಮೇಲೂ ಗಂಡುಗಳು ಬಂದವು. ಬಂದವರೆಲ್ಲ ಚಿಕ್ಕವಳಿಗೆ ಮೊದಲು ಮದುವೆ ಯಾಕಾಯಿತು, ದೊಡ್ಡವಳಲ್ಲಿ ಏನು ಐಬಿದೆ ಎಂದು ಕೇಳಿ ಎದ್ದುಹೋದರು. ಕ್ರಮೇಣ ಬರುವುದನ್ನೂ ಬಿಟ್ಟರು. ಗೌರಿಹಬ್ಬಕ್ಕೆ ಸುಶೀಲತ್ತೆ ತವರೆಂದು ನಮ್ಮ ಮನೆಗೆ ಬಂದರೆ ಜಯತ್ತೆ ಬರುತ್ತಿರಲಿಲ್ಲ.

ಈಗ ಮಂಡ್ಯದ ಬೀದಿಗೊಂದು ಐಸ್‌ಕ್ರೀಂ ಅಂಗಡಿಯಿದೆ. ನನ್ನ ಮೊಮ್ಮಕ್ಕಳು ಕರೆದರೆ ಹೋಗಿ ಪಕ್ಕದಲ್ಲಿ ಕೂರುತ್ತೇನೆ, ತಿನ್ನುವುದಿಲ್ಲ.

ಹೋದ ವರ್ಷ ದುದ್ದದಲ್ಲಿ ಕಾಯಿಲೆ ಬಿದ್ದಿದ್ದ ಜಯತ್ತೆಯನ್ನು ನೋಡಲು ಹೋದಾಗ ಅವಳಾಗಿಯೇ ಆ ಮಾತು ತೆಗೆದಳು. "ಅವ್ಳು ಬ್ಯಾಡ ಅನ್ಬೋದಿತ್ತು ಕಣವ್ವ. ಬಾಯ್ಮಾತ್ಗಾದ್ರೂ ಒಂದ್ಕಿತ. ಅಂದಿದ್ರೆ ನಾನೇ ಒಪ್ಸಿ ಅರಿಸ್ಣ ಹಚ್ತಿದ್ದೆ." ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಹೆಚ್ಚು ದಿನ ಉಳಿಯಲಿಲ್ಲ.

ಸುಶೀಲತ್ತೆ ಮಳವಳ್ಳಿಯಿಂದ ಬರುವ ಹೊತ್ತಿಗೆ ಮಣ್ಣಾಗಿತ್ತು. ಬರಿದಾದ ಮಂಚದ ತುದಿಯಲ್ಲಿ ಕೂತಳು. ಅಕ್ಕ ಆಡಿದ ಮಾತನ್ನು ನಾನು ಹೇಳಿದೆ. ಅವಳು ಅಳಲಿಲ್ಲ. ಕೇಳಿದಳು:

"ಬ್ಯಾಡ ಅನ್ನಕ್ಕೆ ನನ್ನ ಯಾರವ್ವ ಕೇಳಿದ್ರು? ಅವ್ಳು ಕೇಳ್ತಾಳೆ ಅಂತ ಕಾಯ್ಕೊಂಡ್ ಕೂತಿದ್ದೆ."