ಬಳ್ಳಿ ಇಲ್ಲದ ಮೂಲೆಯ ಮಣ್ಣು

ದಿಂಡಿಗಲ್ಲಿನಿಂದ ತೇನಿಗೆ ಹೋಗುವವರು ಬಸ್ಸಿನ ಬಲಗಡೆ ಕೂರಬೇಕು. ವತ್ತಲಗುಂಡು ದಾಟಿದ ಮೇಲೆ ಕೊಡೈ ಬೆಟ್ಟದ ಸಾಲು ಆ ಕಡೆಗೇ ಬರುತ್ತದೆ, ಬೆಳಗಿನ ಬಿಸಿಲೂ ಮುಖಕ್ಕೆ ಹೊಡೆಯುವುದಿಲ್ಲ. ವತ್ತಲಗುಂಡಿನಲ್ಲಿ ಕಿಟಕಿಗೆ ಬರುವ ಸೀಬೆಹಣ್ಣಿನವಳು ಹೇಳುವ ಮೊದಲ ಬೆಲೆಗೆ ಒಪ್ಪಬಾರದು. ಡ್ರೈವರ್ ಹಾರನ್ ಒತ್ತುವ ತನಕ ಸುಮ್ಮನಿದ್ದರೆ ಬೆಲೆ ತಾನಾಗಿ ಇಳಿಯುತ್ತದೆ. ಯಾರೂ ಕೇಳದಿದ್ದರೂ ಇಂಥ ಬುದ್ಧಿ ಹೇಳುವುದು ನನ್ನ ಸ್ವಭಾವ. ಆದರೆ ಈ ಜೂನಿನ ಪ್ರಯಾಣ ಹುಟ್ಟಿದ್ದೇ ನಾನು ಹೇಳಿದ ಒಂದು ಬುದ್ಧಿಮಾತಿನಿಂದ. ಆದ್ದರಿಂದ ಇನ್ನು ಮುಂದೆ ಬರೆಯುವುದನ್ನು ಸ್ವಲ್ಪ ಅನುಮಾನದಿಂದಲೇ ಓದಿ.

ಟಿಕೆಟ್ಟು ಎಂಬತ್ತರೊಳಗೆ, ದಾರಿ ಎರಡು ಗಂಟೆಯದು. ನನ್ನ ತೊಡೆಯ ಮೇಲೆ ಮೂರು ಬಟ್ಟೆ ಚೀಲಗಳಿದ್ದವು; ಹಳೆಯ ಪಂಚೆ ಹರಿದು ಹೆಂಡತಿ ಹೊಲಿದುಕೊಟ್ಟದ್ದು. ಪಕ್ಕದಲ್ಲಿ ಕೂತಿದ್ದವರು ಈರುಳ್ಳಿ ಬೆಳೆಯುವವರಂತೆ.

"ಏನಣ್ಣಾ, ಚೀಲ ಪಳನಿ ಮುರುಗನ ಕಾಣಿಕೆಗಾ?" ಎಂದರು.

"ಮಣ್ಣಿಗೆ. ಅಕ್ಕನ ದ್ರಾಕ್ಷಿ ತೋಟದ ಮಣ್ಣು ಪರೀಕ್ಷೆಗೆ."

"ಓ, ಅದಾ! ಅದಕ್ಕೆ ಎಲ್ಲಿಂದ ಮಣ್ಣು ತೆಗೀಬೇಕು ಅಂತಲೇ ನಮಗೆ ತಿಳಿಯೋದಿಲ್ಲ ನೋಡಿ."

ಬೇರೆ ದಿನವಾಗಿದ್ದರೆ ಪೆರಿಯಕುಳಂ ಬರುವ ತನಕ ಅವರನ್ನು ಬಿಡುತ್ತಿರಲಿಲ್ಲ. ಅಂದು ಕಿಟಕಿಯಾಚೆಯ ಮಾವಿನ ತೋಪು ನೋಡುತ್ತ ಕೂತೆ.

ನಾನು ಹುಣಸೆಹಣ್ಣಿನ ವ್ಯಾಪಾರಿ. ವೇದಸಂದೂರಿನ ಕಡೆಯ, ಕನ್ನಡ ಮನೆಮಾತಿನವರ ಹಳ್ಳಿಯಿಂದ ಹದಿನೆಂಟನೇ ವಯಸ್ಸಿಗೆ ಬಂದವನು. ಕರವಸ್ತ್ರದಲ್ಲಿ ಸ್ಯಾಂಪಲ್ ಕಟ್ಟಿಕೊಂಡು ದಿಂಡಿಗಲ್ಲಿನ ಅಂಗಡಿ ಅಂಗಡಿಗೆ ಅಲೆದು ಮೇಲೆ ಬಂದೆ. ಸ್ಯಾಂಪಲ್ ಎಂದರೆ ಮೂಟೆಯಲ್ಲಿರುವುದರಲ್ಲೆಲ್ಲ ಚಂದದ್ದು. ಕೆಂಪಗೆ, ಬೀಜವಿಲ್ಲದೆ, ಕೈಗೆ ಅಂಟುವಂಥದ್ದು. ಮೂವತ್ತು ವರ್ಷ ನನಗೆ ಗೊತ್ತಿದ್ದದ್ದು ಇಷ್ಟೇ.

ಎರಡು ವರ್ಷದ ಹಿಂದೆ ನಾನು ಹನುಮಂತನಪಟ್ಟಿಯಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ಕೃಷಿ ಇಲಾಖೆಯವರು ಊರಿನಲ್ಲಿ ಮಣ್ಣು ಕೇಳಿಕೊಂಡು ಬಂದರು. ಅಕ್ಕನ ತೋಟ ನೋಡಿಕೊಳ್ಳುತ್ತಿದ್ದ ಮುತ್ತಯ್ಯ ಹಾರೆ ಹಿಡಿದು, ಚಪ್ಪರದ ಕೆಳಗೆ ಐದಾರು ಕಡೆ ತೋಡಲು ಹೊರಟಿದ್ದ. ನಾನು ತಡೆದೆ. ಸ್ಯಾಂಪಲ್ ವಿಷಯ ನನಗೆ ಕಲಿಸುತ್ತೀಯಾ ಎಂದು ನಕ್ಕು, ಬಾವಿಯ ಪಕ್ಕದ ಮೂಲೆಗೆ ಹೋದೆ. ಭಾವನ ತಂದೆಯ ಕಾಲದಿಂದ ಎತ್ತು ಕಟ್ಟುತ್ತಿದ್ದ ಜಾಗ ಅದು. ಮಣ್ಣು ಕಾಫಿಪುಡಿಯಂತೆ ಕಪ್ಪಗೆ, ಉದುರು ಉದುರಾಗಿತ್ತು. ಅದನ್ನೇ ಅರ್ಧ ಕೆಜಿ ತುಂಬಿದೆ.

"ಅಯ್ಯಾ, ಅಲ್ಲಿ ಬಳ್ಳಿನೇ ಇಲ್ವಲ್ಲ," ಎಂದ ಮುತ್ತಯ್ಯ.

"ಸರ್ಕಾರಕ್ಕೆ ಮಣ್ಣು ಕಳಿಸೋವಾಗ ಕೆಟ್ಟದ್ದನ್ನ ಕಳಿಸ್ತಾರೇನೋ?" ಎಂದೆ. ತೆಗೆದವರ ಹೆಸರಿನ ಜಾಗದಲ್ಲಿ ಉದ್ದಕ್ಕೆ ಸಹಿ ಹಾಕಿದೆ.

ಮಣ್ಣಿನ ಆರೋಗ್ಯ ಚೀಟಿ ಬಂತು. ಪೊಟ್ಯಾಷ್ ಹೆಚ್ಚು, ರಂಜಕ ಹೆಚ್ಚು, ಗೊಬ್ಬರ ಕಡಿಮೆ ಮಾಡಿ ಎಂದಿತ್ತು. ಅಕ್ಕ ಅದನ್ನು ದೇವರ ಪಟಗಳ ಪಕ್ಕ ಸಿಕ್ಕಿಸಿಕೊಂಡು, ಬರೆದದ್ದನ್ನು ಬರೆದಂತೆ ನಡೆಸಿದಳು. ಮರುವರ್ಷ ಎಲೆಯ ಅಂಚು ಸುಟ್ಟಂತೆ ಒಣಗತೊಡಗಿತು. ಗೊಂಚಲಲ್ಲಿ ಅರ್ಧ ಹಣ್ಣು ಬಣ್ಣ ಹಿಡಿಯಲಿಲ್ಲ. ಅವಳು ಫೋನಿನಲ್ಲಿ ಅತ್ತಾಗ ನಾನು ಅಂಗಡಿಯಲ್ಲಿ ಕೂತೇ ತೀರ್ಪು ಕೊಟ್ಟೆ: ಮಣ್ಣು ಚೆನ್ನಾಗಿದೆ ಎಂದು ಚೀಟಿಯೇ ಹೇಳುತ್ತಿದೆ, ಕೆಟ್ಟಿರುವುದು ಕತ್ತರಿ ಹಿಡಿಯುವ ಕೈ, ಆಳನ್ನು ಬದಲಾಯಿಸು. ಇಪ್ಪತ್ತು ವರ್ಷ ಆ ಬಳ್ಳಿ ಸವರಿದ ಮುತ್ತಯ್ಯನನ್ನು ಅವಳು ಬಿಡಿಸಿದಳು.

ಈ ಪ್ರಯಾಣದ ಹಿಂದಿನ ವಾರ ವೇದಸಂದೂರಿನಲ್ಲಿ ಹುಣಸೆ ಕೊಳ್ಳಲು ಹೋಗಿದ್ದೆ. ರೈತರಿಗೆ ಮಣ್ಣು ಪರೀಕ್ಷೆಯ ಶಿಬಿರ ನಡೆಯುತ್ತಿತ್ತು. ನೆರಳಿತ್ತೆಂದು ಹಿಂದೆ ನಿಂತೆ. ಇಪ್ಪತ್ತೈದರ ಒಬ್ಬ ಅಧಿಕಾರಿ ಹೆಣ್ಣುಮಗಳು ಹೇಳುತ್ತಿದ್ದಳು: ಮರದಡಿ ಬೇಡ, ಬದುವಿನ ಮಗ್ಗುಲು ಬೇಡ, ತಿಪ್ಪೆ ಇದ್ದ ಕಡೆ, ದನ ಕಟ್ಟಿದ ಕಡೆ ಖಂಡಿತ ಬೇಡ. "ಒಳ್ಳೇ ಮಣ್ಣು ಅಂತ ಹುಡುಕಿ ತಂದುಕೊಡ್ತೀರಿ. ಆಗ ಚೀಟಿ ಸುಳ್ಳು ಹೇಳೋದಿಲ್ಲ, ನಿಮ್ಮ ಬೆಳೆ ಇಲ್ಲದ ಜಾಗದ ನಿಜ ಹೇಳುತ್ತೆ." ಜನ ನಕ್ಕರು. ಯಾರೂ ನನ್ನ ಕಡೆ ನೋಡಲಿಲ್ಲ, ಆದರೂ ನಾನು ಟವೆಲಿನಿಂದ ಮುಖ ಒರೆಸಿಕೊಂಡೆ. ಅಕ್ಕನಿಗೆ ಫೋನ್ ಮಾಡಿದಾಗ ಗೊತ್ತಾಯಿತು: ಬರುವ ಸೋಮವಾರ ಬಳ್ಳಿ ಸವರುವುದು, ಅದೇ ಚೀಟಿ ನೋಡಿ ಗೊಬ್ಬರ ಹಾಕುವುದು. ಅದಕ್ಕೆ ಮುಂಚೆ ನಾನು ಹೋಗಲೇಬೇಕಿತ್ತು.

ತೇನಿಯಲ್ಲಿ ಕಂಬಂ ಬಸ್ಸು ಹಿಡಿದೆ. ವೀರಪಾಂಡಿ ದಾಟುತ್ತಲೇ ಪಡುವಣ ಬೆಟ್ಟದಿಂದ ತುಂತುರು ಶುರುವಾಯಿತು, ಗಾಳಿಗೆ ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ಬಾಗಿದ್ದವು. ಚಿನ್ನಮನೂರಿನ ಗದ್ದೆಗಳಲ್ಲಿ ನಾಟಿಗೆ ನೀರು ಕಟ್ಟಿದ್ದರು. ಹನುಮಂತನಪಟ್ಟಿಯಲ್ಲಿ ಇಳಿದಾಗ ಹನ್ನೊಂದೂವರೆ.

ಅಕ್ಕ ಅಂಗಳದಲ್ಲೇ ಇದ್ದಳು. "ಏನ್ಲಾ ತಂಬಿ, ಅವಸರದಲ್ಲಿ ಬಂದ್ಬುಟ್ಟೆ? ಊಟ ಆಯ್ತಾ, ಇಲ್ಲ ಬಸ್ಸಲ್ಲೇ ಪೇರಂ ಮಾಡಿ ಹೊಟ್ಟೆ ತುಂಬುಸ್ಕೊಂಡ್ಯಾ?" ತಂಬಿ ಎಂದರೆ ತಮ್ಮ, ಪೇರಂ ಎಂದರೆ ಚೌಕಾಸಿ; ನನ್ನನ್ನು ಚಿಕ್ಕಂದಿನಿಂದ ಹೀಗೇ ಕೆಣಕುತ್ತಾಳೆ.

ನಿಂತಂತೆಯೇ ಹೇಳಿಬಿಟ್ಟೆ. ಕೂತರೆ ಮಾತು ಬೇರೆ ಕಡೆ ತಿರುಗಿಸುವ ಚಾಳಿ ನನಗುಂಟು. ಅಕ್ಕ ಒಳಗೆ ಹೋಗಿ ದೇವರ ಪಟದ ಪಕ್ಕದ ಚೀಟಿ ತೆಗೆದಳು, ಮಡಿಸಿದಳು, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಲೆ ಒಣಗ್ದಾಗ್ಲೇ ಮುತ್ತಯ್ಯ ಹೇಳ್ದ ತಂಬಿ," ಎಂದಳು. "ಅಮ್ಮಾ, ಆ ಮಣ್ಣು ನಮ್ ಬಳ್ಳೀದಲ್ಲ, ಎತ್ತು ಕಟ್ತಿದ್ದ ಮೂಲೇದು ಅಂತ. ನಾನು ನಂಬ್ಲಿಲ್ಲ. ಎನ್ನ ತಂಬಿ ಮೇಲೆ ತಪ್ಪಿನ ಪಳಿ ಹಾಕ್ತೀಯಾ ಅಂತ ಬೈದೆ. ನೀ ಹೇಳ್ದೆ ಅಂತ ಮಾತ್ರ ಅಲ್ಲ ಅವನ್ನ ಓಡ್ಸಿದ್ದು. ನಿನ್ನ ತಪ್ಪು ಹೇಳ್ದ ಅಂತ ಓಡ್ಸಿದ್ದು."

ನಮ್ಮವರಲ್ಲಿ ತವರಿನ ತಮ್ಮನ ಮಾತು ಅಷ್ಟು ದೊಡ್ಡದು. ಮಕ್ಕಳ ಕಿವಿ ಚುಚ್ಚುವಾಗ ತೊಡೆ ಕೊಡುವವನು ಅವನೇ. ಹೊರಗಿನವರ ಮುಂದೆ ಅವನನ್ನು ಯಾವ ಅಕ್ಕನೂ ಬಿಟ್ಟುಕೊಡುವುದಿಲ್ಲ. ಆ ಮರ್ಯಾದೆಯನ್ನು ನಾನು ಮೂವತ್ತು ವರ್ಷದಿಂದ ಬಿಟ್ಟಿಯಾಗಿ ತಿನ್ನುತ್ತ ಬಂದಿದ್ದೆ.

ಅಕ್ಕ ಬಡಿಸಿದ್ದನ್ನು ಬೇಗ ಬೇಗ ಉಂಡೆ. ಆಮೇಲೆ ಇಬ್ಬರೂ ಮುತ್ತಯ್ಯನನ್ನು ಹುಡುಕಿಕೊಂಡು ರಸ್ತೆಯಾಚೆಯ ಬೇರೆಯವರ ತೋಟಕ್ಕೆ ಹೋದೆವು. ಅಲ್ಲಿ ಅವನು ದ್ರಾಕ್ಷಿಯ ಕ್ರೇಟುಗಳನ್ನು ಹೊರುತ್ತಿದ್ದ. ಕಂಬಂ ಕಣಿವೆಯಲ್ಲೇ ಒಳ್ಳೆಯ ಕತ್ತರಿ ಅವನದು ಎನ್ನುತ್ತಿದ್ದ ಕಾಲವಿತ್ತು. ಕೈ ಕೆಟ್ಟಿದೆ ಎಂಬ ಮಾತು ಹಬ್ಬಿದ ಮೇಲೆ ಯಾರೂ ಅವನಿಗೆ ಬಳ್ಳಿ ಸವರಲು ಕೊಟ್ಟಿರಲಿಲ್ಲ. ತಮಿಳಿನವನಾದರೂ ಅಕ್ಕನ ಚಪ್ಪರದ ಕೆಳಗೆ ನಮ್ಮ ಕನ್ನಡ ಕಲಿತವನು. ನನ್ನ ಮಕ್ಕಳಿಗಿಂತ ಚೆನ್ನಾಗಿ ಆಡುತ್ತಾನೆ.

ತಪ್ಪು ನನ್ನದು ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಅಭ್ಯಾಸ ನಾಲಿಗೆ ಎಳೆಯಿತು: "ವಾಪಸ್ ಬಾ ಮುತ್ತಯ್ಯ. ಕೂಲಿ ಹೆಚ್ಚಿಗೆ ಕೊಡಿಸ್ತೀನಿ. ನೀನೇ ಒಂದು ರೇಟು ಹೇಳು."

ಅವನು ಕ್ರೇಟು ಕೆಳಗಿಟ್ಟ. "ಅಯ್ಯಾ, ಇಲ್ಲೂ ವ್ಯಾಪಾರವಾ?"

ಅಕ್ಕ ಮುಖ ತಿರುಗಿಸಿದಳು.

"ಅಮ್ಮಂಗೆ ಹೇಳಿದ್ರಿ, ಸೆರಿ," ಎಂದ ಅವನು. "ನನ್ನ ಕೈ ಕೆಟ್ಟೋಯ್ತು ಅಂತ ಊರ ಪೇಚು, ಊರ ಮಾತು ನಡೆದದ್ದು ಟೀ ಅಂಗಡೀಲಿ. ಅಲ್ಲಿ ಹೇಳ್ತೀರಾ?"

ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಏಳೆಂಟು ಜನರಿದ್ದರು, ಎಲ್ಲರೂ ನನ್ನನ್ನು ಬಲ್ಲವರು, ನನ್ನಿಂದ ಬುದ್ಧಿಮಾತು ಕೇಳಿದವರು. ಹೇಳಲು ಎರಡು ನಿಮಿಷವೂ ಬೇಕಾಗಲಿಲ್ಲ. ಮಣ್ಣು ತೆಗೆದವನು ನಾನು, ಬಳ್ಳಿ ಇಲ್ಲದ ಕಡೆ ತೆಗೆದೆ, ಬೇಡವೆಂದು ಹೇಳಿದವನು ಮುತ್ತಯ್ಯ, ಅವನ ಕೈಯಲ್ಲಿ ದೋಷವಿಲ್ಲ. ಬೆಂಚಿನ ಮುದುಕರೊಬ್ಬರು, "ದಿಂಡಿಗಲ್ ಬೀಗ ತೆರೆಯೋಕೆ ಎರಡು ವರ್ಷ ಹಿಡೀತು ನೋಡ್ರಪ್ಪಾ," ಎಂದರು. ದಿಂಡಿಗಲ್ಲು ಬೀಗಕ್ಕೆ ಹೆಸರಾದ ಊರು; ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಮುತ್ತಯ್ಯ ನಗಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು, "ಬನ್ನಿ, ಹಾರೆ ಎತ್ಕೊಳ್ಳಿ," ಎಂದ.

ಅಕ್ಕನ ತೋಟದಲ್ಲಿ ಅವನು ಕೋಲಿನಿಂದ ಜಾಗ ತೋರಿಸಿದ, ನಾನು ತೋಡಿದೆ. ಚಪ್ಪರ ತಗ್ಗು, ಬೆನ್ನು ನೆಟ್ಟಗೆ ಮಾಡಿದರೆ ತಂತಿ ತಲೆಗೆ ಬಡಿಯುತ್ತದೆ. ದ್ರಾಕ್ಷಿಯ ಬೇರು ಆಳಕ್ಕೆ ಇಳಿಯುವುದರಿಂದ ಮೂರಡಿ ಗುಂಡಿ ಬೇಕು; ಮೇಲಿನ ಅಡಿ, ನಡುವಿನ ಅಡಿ, ಕೆಳಗಿನ ಅಡಿಯ ಮಣ್ಣು ಬೇರೆ ಬೇರೆ. ಮೂರನೇ ಗುಂಡಿಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಅಕ್ಕ ಹಾರೆಗೆ ಕೈ ಚಾಚಿದಳು.

"ಬೇಡಮ್ಮಾ," ಎಂದ ಮುತ್ತಯ್ಯ, ಎಲೆ ಅಡಿಕೆ ಮಡಿಸುತ್ತ. "ಅವರೇ ತೋಡ್ಲಿ."

ಐದು ಗುಂಡಿ ಮುಗಿಯುವಾಗ ಬೆಳಕು ಇಳಿಯುತ್ತಿತ್ತು. ಮಣ್ಣನ್ನು ಮನೆಯೊಳಗೆ ಹಾಳೆಯ ಮೇಲೆ ಮೂರು ರಾಶಿಯಾಗಿ ಹರಡಿದೆವು. ಕಲಸಿ, ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡು ಭಾಗ ಬಿಟ್ಟು, ಮತ್ತೆ ಕಲಸಿ, ಅರ್ಧ ಅರ್ಧ ಕೆಜಿ ಉಳಿಯುವ ತನಕ ಹಾಗೇ ಮಾಡಿದೆವು. ಬಿಳಿಚಿದ, ಹರಳು ಮಿಶ್ರವಾದ ಮಣ್ಣು. ಸಂತೆಯಲ್ಲಿ ಯಾರಿಗೂ ತೋರಿಸುವಂಥದ್ದಲ್ಲ.

"ಸೋಮವಾರ ಬಳ್ಳಿ ಸವರೋಕೆ ಬರ್ತೀಯಾ ಮುತ್ತಯ್ಯ?" ಎಂದು ಅಕ್ಕ ಕೇಳಿದಳು. ಅವಳ ದನಿ ಅಷ್ಟು ಸಣ್ಣದಾಗಿದ್ದದ್ದನ್ನು ನಾನು ಕೇಳಿರಲಿಲ್ಲ.

"ಚೀಟಿ ಬರೋಗಂಟ ಬಳ್ಳಿ ಮುಟ್ಬೇಡಿ. ಅದು ಬಂದ ಅಪ್ಪುರ ನೋಡಾಣ," ಎಂದು ಹೇಳಿ ಅವನು ಹೊರಟುಹೋದ. ಬರುತ್ತೇನೆ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಮೂರು ಚೀಲ ಹಿಡಿದು ತೇನಿ ಬಸ್ಸು ಹತ್ತಿದೆ. ಬಸ್ಸು ಅಕ್ಕನ ತೋಟದ ಬೇಲಿ ದಾಟುವಾಗ ಹಿಂತಿರುಗಿ ನೋಡಿದೆ. ಚಪ್ಪರದ ಕೆಳಗೆ ಯಾರೋ ಬಗ್ಗಿದ್ದರು. ತಲೆಯ ಟವೆಲಿನಿಂದ ಗುರುತು ಸಿಕ್ಕಿತು. ನಾನು ತೋಡಿ ತೆರೆದೇ ಬಿಟ್ಟುಬಂದಿದ್ದ ಗುಂಡಿಗಳನ್ನು ಮುತ್ತಯ್ಯ ಒಂದೊಂದಾಗಿ ಮುಚ್ಚುತ್ತಿದ್ದ. ಮುಚ್ಚಬೇಕೆಂಬುದೂ ನನಗೆ ಹೊಳೆದಿರಲಿಲ್ಲ.

ತೇನಿಯ ಮಣ್ಣು ಪರೀಕ್ಷಾ ಕೇಂದ್ರ ಹತ್ತಕ್ಕೆ ತೆರೆಯಿತು. ಕೌಂಟರಿನಲ್ಲಿದ್ದಾಕೆ ಚೀಲ ಬಿಚ್ಚಿ, ಬೆರಳಿನಿಂದ ಕೆದಕಿ, ತಮಾಷೆಯಾಗಿ ಕೇಳಿದಳು: "ಎಲ್ಲರೂ ಕಪ್ಪು ಮಣ್ಣನ್ನೇ ಹುಡುಕಿ ತರ್ತಾರೆ. ನೀವೇನು ಸಾರ್, ಇಂಥ ಬಡ ಮಣ್ಣು ತಂದಿದ್ದೀರಿ?"

"ಬಳ್ಳಿ ಇರೋ ಜಾಗದ್ದಮ್ಮಾ," ಎಂದೆ.

ತೆಗೆದವರ ಹೆಸರು ಬರೆಯುವ ಕಡೆ ಪೆನ್ನು ಹಿಡಿದಾಗ ಬೊಬ್ಬೆ ಒಡೆಯಿತು. ಈ ಸಲ ಸಹಿ ಚಿಕ್ಕದಾಗಿ ಬಂತು.