ಕಂಪನಿಯದ್ದೇ ಚಕ್ರ

ಅಹಮದಾಬಾದಿನ ನರೋಡಾದಲ್ಲಿ ವಿಠ್ಠಲನ ಅಂಗಡಿ ಇತ್ತು. ಬ್ಯಾಂಕಿನ ವರ್ಗಾವಣೆಯಲ್ಲಿ ನಾನು ಆ ಊರಿಗೆ ಹೋದದ್ದು ತೊಂಬತ್ತೇಳರಲ್ಲಿ. ಸ್ಕೂಟರಿನ ಚಕ್ರ ಅಲುಗುತ್ತಿದೆಯೆಂದು ಅಲ್ಲಿಗೆ ಹೋದರೆ, ಹಿಂದಿಯಲ್ಲಿ ಮಾತಾಡುತ್ತಿದ್ದ ಮನುಷ್ಯ ಚಕ್ರ ತಿರುಗಿಸಿ ನೋಡಿ "ಎಂತ ಅವಸ್ಥೆ ಮಾರಾಯ" ಎಂದು ತನ್ನಷ್ಟಕ್ಕೆ ಗೊಣಗಿದ. ಪರಿಚಯಕ್ಕೆ ಅಷ್ಟು ಸಾಕಾಯಿತು. ಮುಂದಿನದನ್ನೆಲ್ಲ ಎರಡು ವರ್ಷ ಕಳೆದ ಮೇಲೆ ಅವನೇ ನನಗೆ ಹೇಳಿದ್ದು.

ವಿಠ್ಠಲ ಕುಂದಾಪುರದ ಕಡೆಯವನು. ಹದಿನಾರನೇ ವಯಸ್ಸಿಗೆ ವಡೋದರಾದಲ್ಲಿದ್ದ ಸೋದರಮಾವನ ಹೋಟೆಲಿಗೆ ಬಂದ. ಹೋಟೆಲಿನ ಎದುರಿಗೆ ಒಂದು ಲೇತ್ ಅಂಗಡಿ. ಕಬ್ಬಿಣದ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳುವುದನ್ನು ನೋಡುತ್ತ ನಿಂತು ಇವನು ಕಾವಲಿಯ ಮೇಲಿನ ದೋಸೆ ಕರಿಕಲು ಮಾಡುತ್ತಿದ್ದ. ಕಡೆಗೆ ಮಾವನೇ, "ನೀನು ಅಲ್ಲಿಗೇ ಹೋಗಿ ಸಾಯಿ" ಎಂದು ರಸ್ತೆ ದಾಟಿಸಿ ಬಿಟ್ಟರು. ಕೆಲಸ ಕಲಿತ, ನರೋಡಾಕ್ಕೆ ಬಂದ, ಗಿರಿಜಾಳನ್ನು ಮದುವೆಯಾದ. ಆ ಹೊತ್ತಿಗೆ ಶ್ರೀಮಂತರ ಮನೆಗಳಿಗೆ ವಿದೇಶಿ ಗಾಡಿಗಳು ಬರತೊಡಗಿದ್ದವು. ಅವುಗಳ ಅಲ್ಯೂಮಿನಿಯಂ ಚಕ್ರಗಳಿಗೆ ಎಲ್ಲರೂ 'ಮ್ಯಾಗ್ ವೀಲ್' ಎನ್ನುತ್ತಿದ್ದರು. ಬಗ್ಗಿದರೆ ನೆಟ್ಟಗೆ ಮಾಡುವವರು ಮಾತ್ರ ಯಾರೂ ಇರಲಿಲ್ಲ. ವಿಠ್ಠಲ ಹತ್ತಾರು ಚಕ್ರ ಕೆಡಿಸಿ ಆ ವಿದ್ಯೆ ಕಲಿತ. ಸೂರತ್ತಿನಿಂದಲೂ ಜನ ಹುಡುಕಿಕೊಂಡು ಬರುವಂತಾಯಿತು.

ತೊಂಬತ್ತೈದರಲ್ಲಿ ಹಾಗೆ ಬಂದವರು ಹಯವದನ ರಾಯರು. ಸೂರತ್ತಿನ ಅಡಾಜಣ್‌ನಲ್ಲಿ ದೊಡ್ಡ ಉಡುಪಿ ಹೋಟೆಲು ಅವರದು. ದೆಹಲಿಯ ಯಾವುದೋ ರಾಯಭಾರ ಕಚೇರಿ ಮಾರಿದ ಜಪಾನಿನ ಭಾರಿ ಜೀಪನ್ನು ಕೊಂಡಿದ್ದರು. ಒಳಗೆ ತೊಗಲಿನ ಸೀಟು, ತಣ್ಣನೆ ಗಾಳಿ. ಅದನ್ನು ನಡೆಸುತ್ತಿದ್ದವನು ಜಶುಭಾಯಿ, ಹನ್ನೊಂದು ವರ್ಷದಿಂದ ಅವರಲ್ಲಿದ್ದ ಡ್ರೈವರು. ಕೊಳ್ಳುವಾಗಲೇ ಜೀಪಿನ ಎರಡು ಚಕ್ರ ಕೆಟ್ಟಿದ್ದವು.

ವಿಠ್ಠಲ ಚಕ್ರಗಳಿಗೆ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉದುರಿಸಿದ; ಬಿರುಕಿದ್ದರೆ ಒಳಗಿಳಿದ ಎಣ್ಣೆ ಪುಡಿಗೆ ಒಸರಿ ಗೆರೆ ತೋರಿಸುತ್ತದೆ. ಒಂದರ ಅಂಚು ಬಗ್ಗಿತ್ತು, ಅಷ್ಟೇ. ಇನ್ನೊಂದರಲ್ಲಿ, ನಡುವಿನಿಂದ ಅಂಚಿಗೆ ಹೋಗುವ ಅರದ ಬುಡದಲ್ಲಿ ಕೂದಲೆಳೆಯಂಥ ಒದ್ದೆ ಗೆರೆ ಮೂಡಿತು.

"ಬಗ್ಗಿದ್ದನ್ನು ಸರಿ ಮಾಡಿ ಕೊಡ್ತೇನೆ ರಾಯರೇ, ಹೊಸದಕ್ಕಿಂತ ಕಡಿಮೆ ಇರೂದಿಲ್ಲ. ಆದ್ರೆ ಇದು ಬುಡದಲ್ಲೇ ಬಿರುಕು ಬಿಟ್ಟಿದೆ. ಇದಕ್ಕೆ ವೆಲ್ಡಿಂಗ್ ಮಾಡ್ಲಿಕ್ಕಾಗೂದಿಲ್ಲ."

"ಹಾಗಾದ್ರೆ?"

"ಕಂಪನಿಯದ್ದೇ ಬೇಕು ಅಂದ್ರೆ ಬೊಂಬಾಯಿಯಿಂದ ತರಿಸ್ಬೇಕು. ಇಲ್ಲಿಯೇ ಎರಕ ಹೊಯ್ದ ನಕಲು ಸಿಗ್ತದೆ. ನೋಡ್ಲಿಕ್ಕೆ ಒಂದೇ ರೀತಿ, ನಿಮ್ಮ ಕಣ್ಣಿಗೆ ಗೊತ್ತೇ ಆಗೂದಿಲ್ಲ. ಆದ್ರೆ ಎರಡು ಟನ್ನಿನ ಗಾಡಿ ಹೊರ್ತದಾ ಅಂತ ನನ್ನತ್ರ ಕೇಳ್ಬೇಡಿ."

"ಮಗಳ ಗಂಡನ ಮನೆಯವರು ಮೊದಲ ಸಲ ಬರ್ತಿದ್ದಾರೆ. ನಾಲ್ಕು ವಾರ ಉಂಟು. ಕಂಪನಿಯದ್ದೇ ಹಾಕು ವಿಠ್ಠಲ, ನಕಲು ಬೇಡ."

"ನಾನು ಹೇಳಿದ ಮೇಲೆ ಮುಗೀತು. ಬರ್ತದೆ."

ಬೊಂಬಾಯಿಯಿಂದ ಚಕ್ರ ಬಂದದ್ದು ರಾಯರು ಬರುವ ಹಿಂದಿನ ದಿನ. ಪೆಟ್ಟಿಗೆ ಒಡೆದು ತಿರುಗಿಸಿ ನೋಡಿದರೆ, ಹಿಂಬದಿಯಲ್ಲಿ ಇರಬೇಕಾದ ಕಂಪನಿಯ ಅಂಕಿಗಳೇ ಇಲ್ಲ. ನಕಲು. ವಿಠ್ಠಲ ಅದನ್ನು ಅಂದೇ ವಾಪಸು ಕಳಿಸಿದ. ರಾಯರಿಗೆ ಒಂದು ಫೋನು ಮಾಡಿ ಬಂದಿಲ್ಲ ಎಂದಿದ್ದರೆ ಆಗುತ್ತಿತ್ತು. ಅದನ್ನು ಹೇಳಲು ಬಾಯಿ ಬರಲಿಲ್ಲ. ಯಾರೋ ಹೊಯ್ದ ನಕಲಿಗಿಂತ ನನ್ನ ಕೈಯ ವೆಲ್ಡಿಂಗೇ ಗಟ್ಟಿ ಎಂದು ತನಗೆ ತಾನೇ ಹೇಳಿಕೊಂಡ. ಆಗೂದಿಲ್ಲ ಎಂದಿದ್ದ ಚಕ್ರವನ್ನೇ ಎತ್ತಿಕೊಂಡು, ಬಿರುಕನ್ನು ಕೊರೆದು ಬೆಸೆದು, ಲೇತಿಗೆ ಹಾಕಿ ತಿರುವಿ, ಬಣ್ಣ ಹೊಡೆದ. ಅಸಲಿ ಬಂದ ಕೂಡಲೇ ಸದ್ದಿಲ್ಲದೆ ಬದಲಾಯಿಸಿದರಾಯಿತು ಎಂದುಕೊಂಡ.

ಮರುದಿನ ರಾಯರು ಹೊಳೆಯುವ ಚಕ್ರದ ಮೇಲೆ ಕೈಯಾಡಿಸಿ, "ಕಂಪನಿಯದ್ದೇ ಅಲ್ವಾ?" ಎಂದರು.

"ಕಂಪನಿಯದ್ದೇ."

ಹೊಸ ಚಕ್ರದ ದುಡ್ಡು ಕೊಟ್ಟರು. ಅದನ್ನೂ ತೆಗೆದುಕೊಂಡ.

ಬೊಂಬಾಯಿಯವನು ಇಂದು ನಾಳೆ ಎನ್ನುತ್ತ ಎರಡು ತಿಂಗಳು ಕಳೆದ. ವಿಠ್ಠಲನೂ ಕೇಳುವುದನ್ನು ಬಿಟ್ಟ. ಐದನೇ ತಿಂಗಳಿನಲ್ಲಿ ರಾಯರು ಹೆಂಡತಿ ಕಮಲಾಕ್ಷಮ್ಮನೊಡನೆ ವಡೋದರಾಕ್ಕೆ ಹೊರಟಿದ್ದಾಗ, ಭರೂಚ್ ದಾಟಿದ ಮೇಲೆ ಮುಂದಿನ ಎಡಚಕ್ರ ತುಂಡಾಯಿತು. ಜೀಪು ರಸ್ತೆ ಬಿಟ್ಟು ಹತ್ತಿಯ ಹೊಲಕ್ಕೆ ನುಗ್ಗಿ ನಿಂತಿತು. ಜೀವಹಾನಿಯಾಗಲಿಲ್ಲ. ಕಮಲಾಕ್ಷಮ್ಮನ ಬಲಗೈ ಮಣಿಕಟ್ಟು ಮುರಿಯಿತು.

ವಾರದ ನಂತರ ರಾಯರು ತುಂಡಾದ ಚಕ್ರವನ್ನು ಗೋಣಿಯಲ್ಲಿ ಹಾಕಿಕೊಂಡು ನರೋಡಾಕ್ಕೆ ಬಂದರು. ವಿಠ್ಠಲ ಗೋಣಿ ಬಿಚ್ಚಿದ. ಅರದ ಬುಡದಲ್ಲಿ ಅವನ ವೆಲ್ಡಿಂಗಿನ ಗಂಟುಗಳು ಸಾಲಾಗಿ ಕಾಣುತ್ತಿದ್ದವು. ಬಿಟ್ಟುಕೊಂಡದ್ದು ಅದರ ಪಕ್ಕಕ್ಕೇ. ರಾಯರಿಗೆ ಅದು ಬರೀ ಮುರಿದ ಲೋಹ.

"ಜಶು ಗುಂಡಿಗೆ ಹಾಕಿರ್ಬೇಕು. ಗುಂಡಿಯೇ ಇರ್ಲಿಲ್ಲ ಅಂತಾನೆ. ಕಂಪನಿಯ ಚಕ್ರ ಸುಮ್ಮನೆ ಹೀಗೆ ತುಂಡಾಗ್ತದಾ, ನೀನೇ ಹೇಳು."

ವಿಠ್ಠಲ ಚಕ್ರದಿಂದ ಕಣ್ಣೆತ್ತಲಿಲ್ಲ. "ಸುಮ್ಮನೆ ಆಗೂದಿಲ್ಲ. ಒಳ್ಳೆ ಗುಂಡಿಗೆ ಬಿದ್ದಿರ್ಬೇಕು," ಎಂದ.

"ನಾನೂ ಅದನ್ನೇ ಹೇಳಿದ್ದು. ಅವನನ್ನು ಬಿಡಿಸ್ತೇನೆ."

ಆ ದಿನದಿಂದ ವಿಠ್ಠಲ ಅಂಗಡಿಯಲ್ಲಿ ಯಾರಾದರೂ ಹೊಗಳಿದರೆ ಎದ್ದು ಒಳಗೆ ಹೋಗುತ್ತಿದ್ದ. ಕನ್ನಡದವರ ಸತ್ಯನಾರಾಯಣ ಪೂಜೆಗಳಿಗೆ ಹೋಗುವುದನ್ನು ನಿಲ್ಲಿಸಿದ. ಅಲ್ಲಿ ಯಾರಾದರೂ ರಾಯರ ಜೀಪಿನ ಮಾತೆತ್ತಿದರೆ ಎಂಬ ಭಯ. ಗಿರಿಜಾ, "ನಿಮಗೆ ಎಂತ ಆಗಿದೆ?" ಎಂದು ಕೇಳಿ ಕೇಳಿ ಸುಮ್ಮನಾದಳು.

ಎಂಟು ತಿಂಗಳ ಮೇಲೆ, ಲೇತಿನ ಒಂದು ಬಿಡಿಭಾಗಕ್ಕೆಂದು ಸೂರತ್ತಿಗೆ ಹೋದವನು ಅಡಾಜಣ್‌ನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರನ ಖಾಕಿ ತೊಟ್ಟ ಜಶುಭಾಯಿಯನ್ನು ಕಂಡ. ತಪ್ಪಿಸಿಕೊಂಡು ಹೋಗಬೇಕೆಂದುಕೊಳ್ಳುವಷ್ಟರಲ್ಲಿ ಅವನೇ, "ಅರೆ ವಿಠ್ಠಲಭಾಯಿ!" ಎಂದು ಕರೆದು, ತನ್ನ ಕುರ್ಚಿ ಬಿಟ್ಟುಕೊಟ್ಟು, ಚಹಾ ತರಿಸಿದ. ಮೂಗಿನ ಮೇಲೆ ಹೊಸ ಕನ್ನಡಕವಿತ್ತು.

"ಇದು ಯಾವಾಗಿಂದ?" ವಿಠ್ಠಲ ಹಿಂದಿಯಲ್ಲಿ ಕೇಳಿದ.

"ಆ ಅಪಘಾತ ಆದ ಮೇಲಿಂದ. ಡಾಕ್ಟರು ಕಣ್ಣು ಚೆನ್ನಾಗಿದೆ ಅಂದ್ರು. ನಾನೇ ಹಟ ಮಾಡಿ ಬರೆಸಿಕೊಂಡೆ. ಅಷ್ಟು ದೊಡ್ಡ ಗುಂಡಿ ನನಗೆ ಕಾಣಲೇ ಇಲ್ಲ ಭಾಯಿ! ಈಗಲೂ ಕಣ್ಣು ಮುಚ್ಚಿದ್ರೆ ಸಾಫಾದ ರಸ್ತೆಯೇ ಕಾಣ್ತದೆ. ಕಾಣದ ಕಣ್ಣಿನವನು ಗಾಡಿ ಓಡಿಸಬಾರ್ದು. ಮಗಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಡ್ತಿದ್ದೆ. ಈಗ ನಡೆಸಿಕೊಂಡು ಹೋಗ್ತೇನೆ."

ವಿಠ್ಠಲ ಚಹಾದ ಲೋಟ ಕೆಳಗಿಟ್ಟ. ತಾನು ಜಶುಭಾಯಿಯ ಹೊಟ್ಟೆಯ ಮೇಲೆ ಹೊಡೆದಿದ್ದೇನೆ ಎಂದಷ್ಟೇ ಅವನು ತಿಳಿದಿದ್ದ. ಒಬ್ಬ ಮನುಷ್ಯ ತನ್ನ ಕಣ್ಣನ್ನೇ ನಂಬದ ಹಾಗೆ ಮಾಡಿದ್ದೇನೆಂದು ಗೊತ್ತಿರಲಿಲ್ಲ.

"ಗುಂಡಿ ಇರಲಿಲ್ಲ ಜಶುಭಾಯಿ," ಎಂದ. "ಚಕ್ರ ಒಡೆದದ್ದೇ ಆಗಿತ್ತು. ನಾನು ಬೆಸೆದು ಹಾಕಿದ್ದೆ. ಕಂಪನಿಯದ್ದು ಅಂತ ಸುಳ್ಳು ಹೇಳಿದೆ. ಆಮೇಲೆ ಗುಂಡಿ ಅಂತಲೂ ನಾನೇ ಹೇಳಿದೆ."

ಜಶುಭಾಯಿ ಕನ್ನಡಕ ತೆಗೆದು ಜೇಬಿಗೆ ಹಾಕಿದ. ಆಮೇಲೆ ವಿಠ್ಠಲನ ರಟ್ಟೆ ಹಿಡಿದು ಎಬ್ಬಿಸಿ, "ನಡೀರಿ, ಸೇಠರ ಹತ್ತಿರ," ಎಂದ.

ಮಧ್ಯಾಹ್ನದ ಊಟದ ಹೊತ್ತು. ಹೋಟೆಲು ತುಂಬಿತ್ತು. ಗಲ್ಲಾದ ಮುಂದೆ ನಿಂತು ವಿಠ್ಠಲ ತಗ್ಗಿದ ದನಿಯಲ್ಲಿ, "ರಾಯರೇ, ಒಂದು ವಿಷಯ ಹೇಳ್ಲಿಕ್ಕೆ ಉಂಟು..." ಎಂದು ಕನ್ನಡದಲ್ಲಿ ಶುರುಮಾಡಿದ.

ಜಶುಭಾಯಿ ತಡೆದ. "ಹಿಂದಿಯಲ್ಲಿ ಹೇಳಿ. ನನಗೂ ಅರ್ಥವಾಗಲಿ. ಗಟ್ಟಿಯಾಗಿ."

ಹೇಳಿದ. ಎರಡು ಸಾಲಿನ ಮೇಜಿನವರು ಊಟ ನಿಲ್ಲಿಸಿ ಕೇಳಿದರು. ಸಾರಿನ ಬಕೆಟ್ಟು ಹಿಡಿದವನು ನಿಂತಲ್ಲೇ ನಿಂತ. ಒಳಗಿನಿಂದ ಕಮಲಾಕ್ಷಮ್ಮ ಬಂದರು. ಅವರ ಬಲಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಅವರು ವಿಠ್ಠಲನನ್ನು ಬೈಯಲಿಲ್ಲ. ಗಂಡನ ಕಡೆಗೆ ತಿರುಗಿ, "ಹನ್ನೊಂದು ವರ್ಷ ನಮ್ಮನ್ನು ಕೂರಿಸಿಕೊಂಡು ತಿರುಗಿದವನ ಮಾತು ನೀವು ನಂಬ್ಲಿಲ್ಲ," ಎಂದರು.

ರಾಯರ ಮುಖ ಕಪ್ಪಿಟ್ಟಿತು. "ಜಶು, ನಾಳೆಯಿಂದ ಬಾ," ಎಂದರು.

"ಬರೋದಿಲ್ಲ ಸೇಠ್. ತಪ್ಪು ನನ್ನದಲ್ಲ ಅಂತ ಒಂದು ಚೀಟಿ ಬರೆದುಕೊಡಿ. ಅಷ್ಟು ಸಾಕು."

ರಾಯರು ಹೋಟೆಲಿನ ಲೆಟರ್‌ಹೆಡ್ಡಿನ ಮೇಲೆ ಬರೆದು ಸಹಿ ಹಾಕಿದರು. ಕೆಳಗೆ ವಿಠ್ಠಲನಿಂದಲೂ ಸಹಿ ಹಾಕಿಸಿಕೊಂಡ ಜಶುಭಾಯಿ, ಇಬ್ಬರಿಗೂ ನಮಸ್ಕಾರ ಹೇಳದೆ ಹೊರಟುಹೋದ. ಮುಂದೆ ಹಜೀರಾದ ಕಾರ್ಖಾನೆಯೊಂದರ ಕೆಲಸಗಾರರ ಬಸ್ಸು ಓಡಿಸುವ ಕೆಲಸ ಸಿಕ್ಕಿತೆಂದು ವಿಠ್ಠಲನಿಗೆ ಬೇರೆಯವರಿಂದ ತಿಳಿಯಿತು. ಎರಡು ಕಾಗದ ಬರೆದ. ಉತ್ತರ ಬರಲಿಲ್ಲ.

ರಾಯರ ದುಡ್ಡನ್ನು ವಿಠ್ಠಲ ಹಿಂದಿರುಗಿಸಿದ. ಅಂದಿನಿಂದ ರಿಪೇರಿ ಮಾಡಿದ ಪ್ರತಿಯೊಂದು ಚಕ್ರದ ಹಿಂಬದಿಗೂ ಉಳಿಯಿಂದ ಒಂದು ಗುರುತು ಕೆತ್ತುತ್ತಿದ್ದ. ಗಾಡಿ ಮಾರುವಾಗ ಬೆಲೆ ಬೀಳುತ್ತದೆಂದು ಎಷ್ಟೋ ಗಿರಾಕಿಗಳು ಬಿಟ್ಟುಹೋದರು. ನಾನು ಕಂಡಾಗ ಬಹಳಷ್ಟು ಸ್ಕೂಟರಿನ ಕೆಲಸವೇ ಬರುತ್ತಿತ್ತು.

"ಹೇಳಿಬಿಟ್ಟಿರಲ್ಲ, ಈಗ ಮನಸ್ಸು ಹಗುರ ಆಗಿರಬೇಕು," ಎಂದು ನಾನು ಸಮಾಧಾನಕ್ಕೆ ಹೇಳಿದೆ.

ಅವನು ನನ್ನ ಮುಖ ನೋಡಲಿಲ್ಲ. "ಇಲ್ಲ ಮಾರಾಯ್ರೆ. ವೆಲ್ಡಿಂಗ್ ಮಾಡಿದ್ದು ಕೆಟ್ಟ ಧೈರ್ಯ, ಹೋಗ್ಲಿ. ಆ ಗೋಣಿ ಬಿಚ್ಚಿದಾಗ ನನಗೆ ಎಲ್ಲ ಕಾಣ್ತಿತ್ತು. ಕಂಡೂ ಗುಂಡಿ ಅಂದೆ. ಮಗಳನ್ನು ಈಗ ಸೈಕಲ್ಲಿನಲ್ಲಿ ಕೂರಿಸಿಕೊಳ್ತಾನಾ ಅಂತ ಕೇಳ್ಬೇಕು ಅಂತ ಇದೆ. ಕೇಳ್ಲಿಕ್ಕೆ ಮುಖ ಇಲ್ಲ."

ಹೊರಗೆ ಯಾರೋ ಹಾರ್ನ್ ಮಾಡಿದರು. ವಿಠ್ಠಲ ಕೈ ಒರೆಸಿಕೊಂಡು ಎದ್ದು ಹೋದ.